ಮೂರರ ಗುಂಪಿನ ಕೊನೆಯ ಕರಿಮನೆ

ಮಳೆಗಾಲ ಮುಗಿಯುವವರೆಗೆ
ಪಿಯಾನೋದ ಹೊಟ್ಟೆಯೊಳಗೆ ನಲವತ್ತು ವ್ಯಾಟಿನ ಬಲ್ಬು ಉರಿಯಬೇಕು.
ಪೊಲಿಬೆಟ್ಟದ ಕ್ಲಬ್ಬಿನ ನಿಯಮ ಅದು,
ಕಾಟಿತಲೆಯ ಧೂಳು ಹೊಡೆಯುವುದು, ಬೆಳ್ಳಿಬಟ್ಟಲು ತಿಕ್ಕುವುದು ಇದ್ದ ಹಾಗೆ.
ಈ ಸಲ ಕಕ್ಕಡದಲ್ಲಿ ಹದಿನೇಳು ದಿನ ಕರೆಂಟಿರಲಿಲ್ಲ.
ಬಲ್ಬು ಕತ್ತಲಲ್ಲಿ ಸುಮ್ಮನೆ ತೂಗಿತು,
ಸೀಮೆಯ ಮರ ನಮ್ಮ ತೇವ ಕುಡಿಯಿತು.

ತುಲಾ ತಿಂಗಳಲ್ಲಿ ಬಂದರು ಪಿಯೂಸ್ ಮಥಾಯಸ್,
ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ,
ತಿರುವುಗಳಲ್ಲಿ ಬಾಡಿದ ಮುಖ ಒರೆಸಿಕೊಳ್ಳುತ್ತ.
ಚರ್ಮದ ಚೀಲದಲ್ಲಿ ಸುತ್ತಿಗೆ, ಉಣ್ಣೆಯ ಬೆಣೆ,
ಮತ್ತೆ ಕವಲೊಡೆದ ಆ ಉಕ್ಕಿನ ಕಡ್ಡಿ:
ಮೊಣಕಾಲಿಗೆ ತಟ್ಟಿ ಹಲ್ಲಲ್ಲಿ ಕಚ್ಚಿದರೆ
ತಲೆಬುರುಡೆಯೇ ಹಾಡುತ್ತದಂತೆ.
ಮುಚ್ಚಳ ತೆಗೆದರು. ಇಲಿಗೂಡು.
ಯಾರದೋ ಮದುವೆಯ ಕಾಗದ ಚೂರುಚೂರು,
ನಾಲ್ಕು ಕಾಫಿಬೀಜ.

ನಾನು ಪಕ್ಕದ ಕೋಣೆಯಲ್ಲಿ ವೋಚರು ಬರೆಯುವವಳು.
ನಮ್ಮ ಒಕ್ಕದಲ್ಲಿ ದುಡಿ ಇತ್ತು, ತಂಬೂರಿ ಇರಲಿಲ್ಲ.
ಮೈಸೂರಿನ ಹಾಸ್ಟೆಲಿನಿಂದ ಎರಡು ಬೀದಿ ದಾಟಿ
ಆರು ವರ್ಷ ಕಲಿತದ್ದನ್ನು
ಇಲ್ಲಿ ನಾನು ಹೇಳಿಲ್ಲ, ಯಾರೂ ಕೇಳಿಲ್ಲ.
ಒಂದೊಂದೇ ಮನೆ ಒತ್ತುತ್ತ ಬಂದರು ಅವರು,
ಬಾವಿಗೆ ಕಲ್ಲು ಹಾಕಿ ಆಳ ಕೇಳುವವರ ಹಾಗೆ.
ಮೂರರ ಗುಂಪಿನ ಕೊನೆಯ ಕರಿಮನೆಗೆ
ನನ್ನ ಪೆನ್ನು ನಿಂತಿತು.

ವಾಂವ್ ವಾಂವ್ ವಾಂವ್.
ಒಂದು ಸ್ವರಕ್ಕೆ ಮೂರು ತಂತಿ; ಒಂದು ಜಾರಿದೆ, ಇನ್ನೊಂದು ಅದಕ್ಕಿಂತ ಜಾರಿದೆ.
ಐದು ಕಟ್ಟೆಯ ನನ್ನ ಶ್ರುತಿಗೆ ಅದು ಗಾಂಧಾರ,
ತೋಡಿಯದು. ನೆಟ್ಟಗೆ ನಿಂತರೆ ಸತ್ತೇಹೋಗುವಂಥದು,
ರಿಷಭದ ಹೊಸ್ತಿಲಿಂದ ಎದ್ದು, ತೂಗಿ, ಮತ್ತೆ ಅಲ್ಲೇ ಕೂರುವಂಥದು.
ಅದೊಂದನ್ನೇ ಎರಡು ವರ್ಷ ಹಾಡಿಸಿದ್ದರು ನಮ್ಮ ಟೀಚರು.
ಬಾಗಿಲಲ್ಲಿ ನಿಂತು ಅಂದೆ:
ಅದೊಂದನ್ನು ಇವತ್ತು ಮುಟ್ಟಬೇಡಿ.

ಅವರು ನಗಲಿಲ್ಲ.
ಇದು ಕಾಯಿಲೆ, ಅಂದರು, ಸೆಕೆಂಡಿಗೆ ಮೂರು ಸಲ ಮಿಡಿಯುತ್ತಿದೆ.
ನಮ್ಮಲ್ಲಿ ಅದಕ್ಕೆ ಜೀವ ಅನ್ನುತ್ತೇವೆ, ಅಂದೆ.
ಹಾಗಾದರೆ ನನ್ನ ಕಸುಬು ಕೇಳಿ:
ಒಂದೊಂದು ಪಂಚಮದಿಂದ ಕೂದಲೆಳೆಯಷ್ಟು ಕದ್ದು
ಹನ್ನೆರಡು ಮನೆಗೂ ಹಂಚುತ್ತೇನೆ.
ಯಾವ ಮನೆಗೂ ಪೂರ್ತಿ ನ್ಯಾಯವಿಲ್ಲ,
ಯಾವ ಮನೆಯಲ್ಲೂ ಒಲೆ ಆರಿಲ್ಲ.
ನಮ್ಮವರು ಕದಿಯುವುದಿಲ್ಲ, ಅಂದೆ.
ಆದರೆ ಈ ಗಾಂಧಾರ
ಇನ್ನೊಂದು ರಾಗದ ಮನೆಗೆ ಹೋದರೆ
ನೀರೂ ಮುಟ್ಟುವುದಿಲ್ಲ.

ಹಾಡಿ, ನೋಡುವ.

ಬಿಲಿಯರ್ಡ್ಸ್ ಮೇಜು ಒರೆಸುತ್ತಿದ್ದ ಕುಟ್ಟಪ್ಪ ಕೈ ನಿಲ್ಲಿಸಿದ.
ಷಡ್ಜ ಹಿಡಿದೆ. ಅವರು ಕೆಳಗೆ ಮೂರು ಬೆರಳಿಟ್ಟರು.
ನನ್ನ ಷಡ್ಜ ಪಂಚಮವಾಗಿತ್ತು.
ಒಂದೇ ಬೆರಳು ಹಿಂದೆ ಸರಿದು ಆ ಕರಿಮನೆಗೆ ಇಳಿಯಿತು.
ನನ್ನ ಷಡ್ಜ ಈಗ ಯಾರದೋ ಗಾಂಧಾರ,
ಅಡಿಯಲ್ಲಿ ವಾಂವ್ ವಾಂವ್.
ನಾನು ಕದಲಿರಲಿಲ್ಲ. ಉಸಿರೂ ಅದೇ.
ನಿಂತ ಕಾಲಲ್ಲೇ ಮನೆತನ ಬದಲಾಗಿತ್ತು.
ಹೆದರಿಕೆಯಾಯಿತು, ನಿಜ ಹೇಳಬೇಕೆಂದರೆ,
ಇಷ್ಟು ವರ್ಷ ನೆಲ ಅಂದುಕೊಂಡದ್ದು
ದೋಣಿ ಎಂದು ಗೊತ್ತಾದ ಹಾಗೆ.
ಆ ಹೆದರಿಕೆಯಲ್ಲೇ ಏರಿದೆ, ತೂಗಿದೆ.
ಕೆಟ್ಟ ತಂತಿಯ ಲೆಕ್ಕ ಒಂದು, ಕೊರಳಿನ ಲೆಕ್ಕ ಇನ್ನೊಂದು.
ಸೇರಿತು ಎಂದು ಹೇಳಲಾರೆ.
ಒಂದು ಸಲ ತಾಗಿತು.

ಮಧ್ಯಾಹ್ನ ಬಿರಡೆ ತಿರುಗಿಸಿದರು.
ಶನಿವಾರ ಡ್ಯಾನ್ಸು, ಕರ್ನಲ್ ಚಂಗಪ್ಪನವರಿಗೆ ಎಪ್ಪತ್ತೈದು.
ಎಂಬತ್ತೆಂಟು ಕೀ ಎಂದು ಬಿಲ್ಲು ಬರೆದು,
ಚಹಾ ಕುಡಿದು, ಮೂರೂವರೆಯ ಬಸ್ಸು ಹಿಡಿದರು.
ಶನಿವಾರ ಗೋಡೆಯಾಚೆ ವಾಲ್ಟ್ಸು,
ಬೂಟುಗಳ ಒಂದು ಎರಡು ಮೂರು.
ಆ ಕರಿಮನೆ ಬಂದಾಗಲೆಲ್ಲ
ನೆಟ್ಟ ಕಂಬದ ಹಾಗೆ.
ಅಲುಗಾಟವನ್ನು ನಾನೇ,
ಬಾರಿನ ಬಾಕಿ ಕೂಡುತ್ತ,
ತುಟಿ ಮುಚ್ಚಿ ಹಾಕಿಕೊಂಡೆ.

ಬಲ್ಬು ಸುಟ್ಟುಹೋಗಿದೆ ಈಗ.
ಹೊಸದಕ್ಕೆ ಇಂಡೆಂಟು ಹಾಕುವುದು ನನ್ನ ಕೆಲಸ.
ಕುಟ್ಟಪ್ಪ ಎರಡು ಸಲ ನೆನಪಿಸಿದ.
ಕಕ್ಕಡಕ್ಕೆ ಇನ್ನೂ ಎಷ್ಟು ದಿನ ಇದೆ, ಅಂದೆ,
ನೋಡುವ.